ರೋಗವಿಲ್ಲದವರ ಔಷಧಿ

ಆರೋಗ್ಯವಂತರು ನೆನಪು, ಏಕಾಗ್ರತೆ ಹೆಚ್ಚಲೆಂದು ಔಷಧಿ ಸೇವಿಸುವುದು ಇಂದು ನಿನ್ನೆಯ ಯೋಚನೆಯಲ್ಲ. ಚರಕ ಸಂಹಿತೆ ಔಷಧಿಗಳನ್ನು ಎರಡಾಗಿ ವಿಂಗಡಿಸುತ್ತದೆ: ರೋಗಿಯ ರೋಗ ಕಳೆಯುವವು, ಆರೋಗ್ಯವಂತನ ಕಸುವು ಹೆಚ್ಚಿಸುವವು. ಬುದ್ಧಿಗೆಂದೇ ಅದು ಹೇಳುವ ಮೇಧ್ಯ ರಸಾಯನಗಳು ನಾಲ್ಕು: ಮಂಡೂಕಪರ್ಣಿಯ ರಸ, ಹಾಲಿನ ಜೊತೆ ಜೇಷ್ಠಮಧುವಿನ ಪುಡಿ, ಅಮೃತಬಳ್ಳಿಯ ರಸ, ಅರೆದ ಶಂಖಪುಷ್ಪಿ. ಮಂಡೂಕಪರ್ಣಿ ಎಂದರೆ ಒಂದೆಲಗ. ತೆಲುಗಿನಲ್ಲಿ ಅದು ಸರಸ್ವತಿ ಆಕು. ಎರಡು ಭಾಷೆ ಬೆರೆತ ಕೋಲಾರ ಸೀಮೆಗೆ ಎರಡು ಹೆಸರೂ ಗೊತ್ತು.

ಗೊಂದಲವಿರುವುದು ಬ್ರಾಹ್ಮಿ ಎಂಬ ಹೆಸರಿನಲ್ಲಿ. ಒಂದೆಲಗವನ್ನೂ ಹಾಗೆ ಕರೆಯುತ್ತಾರೆ, ತೇವದ ನೆಲದಲ್ಲಿ ಹರಡುವ ಸಣ್ಣ ದಪ್ಪ ಎಲೆಯ ನೀರುಬ್ರಾಹ್ಮಿಯನ್ನೂ ಹಾಗೆಯೇ ಕರೆಯುತ್ತಾರೆ. ಇವು ಸಂಬಂಧವೇ ಇಲ್ಲದ ಎರಡು ಗಿಡಗಳು. ನೆನಪಿನ ಮೇಲಿನ ಹೆಚ್ಚಿನ ಪ್ರಯೋಗಗಳು ನಡೆದಿರುವುದು ಎರಡನೆಯದರ ಮೇಲೆ. ಅದರ ಸಾರವನ್ನು ದಿನಕ್ಕೆ 300 ಮಿ.ಗ್ರಾಂ.ನಂತೆ 12 ವಾರ ಕೊಟ್ಟ ಪ್ರಯೋಗಗಳಲ್ಲಿ ಕಲಿತದ್ದು ಮರೆಯುವುದು ಕೊಂಚ ಕಡಿಮೆಯಾದದ್ದುಂಟು. ಹಾಗಾಗಿ ಪರೀಕ್ಷೆಯ ಹಿಂದಿನ ರಾತ್ರಿ ಒಂದು ಲೋಟ ಬ್ರಾಹ್ಮಿ ರಸ ಕುಡಿದು ಫಲಕ್ಕೆ ಕಾಯುವುದು ವ್ಯರ್ಥ.

ಮಕ್ಕಳ ಸ್ವರ್ಣಪ್ರಾಶನವೂ ಇದೇ ಸಾಲಿಗೆ ಸೇರಿದ್ದು. ತೊಳೆದ ಕಲ್ಲಿನ ಮೇಲೆ ನೀರು ಹಾಕಿ ಚಿನ್ನವನ್ನು ತೇಯ್ದು, ಜೇನು ಮತ್ತು ತುಪ್ಪದಲ್ಲಿ ಕಲಸಿ ಮಗುವಿಗೆ ನೆಕ್ಕಿಸಬೇಕೆಂದು ಕಾಶ್ಯಪ ಸಂಹಿತೆ ಹೇಳುತ್ತದೆ. ತಿಂಗಳು ಕೊಟ್ಟರೆ ಮಗು ಮೇಧಾವಿ, ಆರು ತಿಂಗಳು ಕೊಟ್ಟರೆ ಕೇಳಿದ್ದನ್ನೆಲ್ಲ ನೆನಪಿಡುವ ಶ್ರುತಧರ ಎಂಬುದು ಅದರ ಭರವಸೆ. ಈಗ ಪುಷ್ಯ ನಕ್ಷತ್ರದ ದಿನ ಆಯುರ್ವೇದ ಆಸ್ಪತ್ರೆಗಳಲ್ಲಿ ಹನಿ ಹಾಕಿಸಲು ತಾಯಂದಿರು ಸಾಲುಗಟ್ಟುತ್ತಾರೆ. ಚಿನ್ನ ಅಗೆದ ಕೋಲಾರ ಜಿಲ್ಲೆಯ ಮಗುವಿಗೂ ಸಿಗುವುದು ಆ ಒಂದೆರಡು ಹನಿಯಷ್ಟೇ! ವರ್ಷ ತುಂಬದ ಕೂಸಿಗೆ ಜೇನುತುಪ್ಪ ಕೊಡಬಾರದು, ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು ಎಂಬುದು ಮಕ್ಕಳ ವೈದ್ಯರ ಎಚ್ಚರಿಕೆ.

ಇಂದು ‘ಸ್ಮಾರ್ಟ್ ಡ್ರಗ್’ ಎನಿಸಿಕೊಂಡಿರುವ ಮಾತ್ರೆಗಳು ಹುಟ್ಟಿದ್ದು ಯುರೋಪಿನ ಪ್ರಯೋಗಾಲಯಗಳಲ್ಲಿ. 1887ರಲ್ಲಿ ತಯಾರಾದ ಆಂಫೆಟಮಿನ್ ಎರಡನೆಯ ಮಹಾಯುದ್ಧದಲ್ಲಿ ಸೈನಿಕರ ನಿದ್ದೆ ಓಡಿಸಿತು. ಮಿಥೈಲ್‌ಫೆನಿಡೇಟ್ 1944ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸಿದ್ಧವಾಯಿತು. ತಯಾರಿಸಿದ ಲಿಯಾಂಡ್ರೊ ಪಾನಿಝೋನ್ ಹೆಂಡತಿ ರೀಟಾಳ ಹೆಸರಿನಿಂದ ಅದನ್ನು ರಿಟಾಲಿನ್ ಎಂದು ಕರೆದ. ಒಂದೆಡೆ ಗಮನ ನಿಲ್ಲದ ಎಡಿಎಚ್‌ಡಿ ತೊಂದರೆಗೆ ಅದು ಔಷಧಿ. ಮೊಡಾಫಿನಿಲ್ ಫ್ರಾನ್ಸಿನದು, ಕುಳಿತಲ್ಲೇ ನಿದ್ದೆ ಎಳೆಯುವ ನಾರ್ಕೊಲೆಪ್ಸಿ ಕಾಯಿಲೆಗೆ ಅಮೆರಿಕ 1998ರಲ್ಲಿ ಅದನ್ನು ಒಪ್ಪಿತು.

ಕಾಫಿಯಲ್ಲಿರುವ ಕೆಫೀನ್, ಮಿದುಳಿಗೆ ‘ದಣಿವಾಯಿತು’ ಎಂದು ತಿಳಿಸುವ ಅಡೆನೊಸಿನ್‌ನ ದಾರಿಗೆ ಅಡ್ಡ ನಿಲ್ಲುತ್ತದೆ. ದಣಿವು ಹೋಗಿರುವುದಿಲ್ಲ, ಅದರ ಸುದ್ದಿ ಮುಟ್ಟಿರುವುದಿಲ್ಲ, ಅಷ್ಟೆ. ಮಿಥೈಲ್‌ಫೆನಿಡೇಟ್ ಮಿದುಳಿನಲ್ಲಿ ಡೋಪಮಿನ್, ನಾರಡ್ರಿನಾಲಿನ್ ಎಂಬ ರಾಸಾಯನಿಕಗಳು ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ. ಎಡಿಎಚ್‌ಡಿ ಇದ್ದವರಿಗೆ ಇದರಿಂದ ಗಮನ ನಿಲ್ಲುತ್ತದೆ. ಆ ತೊಂದರೆಯೇ ಇಲ್ಲದವರಿಗೆ?

2023ರಲ್ಲಿ ಪ್ರಕಟವಾದ, ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಒಂದು ಪ್ರಯೋಗ ಇದನ್ನೇ ಪರೀಕ್ಷಿಸಿತು. 40 ಆರೋಗ್ಯವಂತರಿಗೆ ಒಂದೊಂದು ಸಲ ಒಂದೊಂದು ಮಾತ್ರೆ, ಒಮ್ಮೆ ಬರೀ ಹುಸಿ ಮಾತ್ರೆ ಕೊಟ್ಟು ಲೆಕ್ಕ ಬಿಡಿಸಲು ಕೂರಿಸಿದರು. ಕೋಲಾರದ ಎಪಿಎಂಸಿ ಮುಂದೆ ನಿಂತ ಲಗೇಜ್ ಆಟೋವಿನವನ ಲೆಕ್ಕದಂಥದ್ದೇ ಅದು. ಗಾಡಿ ಹೊರುವುದು ಇಷ್ಟೇ ತೂಕ. ಮುಂದಿರುವ ಮೂಟೆಗಳ ತೂಕ ಬೇರೆ ಬೇರೆ, ಬೆಲೆಯೂ ಬೇರೆ ಬೇರೆ. ಯಾವ ಯಾವ ಮೂಟೆ ಹೇರಿದರೆ ತೂಕ ಮೀರದೆ ಹೆಚ್ಚು ಬೆಲೆಯ ಮಾಲು ಸಾಗುತ್ತದೆ? ಮಾತ್ರೆ ನುಂಗಿದವರು ಹೆಚ್ಚು ಹೊತ್ತು ತಲೆ ಕೆಡಿಸಿಕೊಂಡರು, ಮೂಟೆಗಳನ್ನು ಹೆಚ್ಚು ಸಲ ಹೇರಿದರು, ಇಳಿಸಿದರು. ಆದರೆ ಆ ಹೇರಾಟದಲ್ಲಿ ಗೊತ್ತುಗುರಿ ಕಡಿಮೆಯಿತ್ತು; ಉತ್ತರವೇನೂ ಉತ್ತಮವಾಗಲಿಲ್ಲ. ಹುಸಿ ಮಾತ್ರೆಯಲ್ಲಿ ಸರಾಸರಿಗಿಂತ ಮೇಲಿದ್ದವರು ನಿಜ ಮಾತ್ರೆ ನುಂಗಿ ಕೆಳಗಿಳಿದದ್ದೂ ಕಂಡಿತು. ಮಾತ್ರೆ ಹುರುಪು ಕೊಟ್ಟಿತು, ಜಾಣತನ ಕೊಡಲಿಲ್ಲ. ಪರೀಕ್ಷೆಗೆಂದು ನುಂಗಿದವನಿಗೆ ತಾನು ಬಹಳ ಓದಿದೆ ಎಂಬ ತೃಪ್ತಿ ಸಿಗಬಹುದು, ಅಷ್ಟೆ!

ಅಡ್ಡಪರಿಣಾಮಗಳೂ ಇವೆ. ಮಿಥೈಲ್‌ಫೆನಿಡೇಟ್‌ನಿಂದ ಹಸಿವು ಸಾಯುತ್ತದೆ, ಎದೆಬಡಿತ ಏರುತ್ತದೆ, ಚಟ ಅಂಟಬಹುದು. ಮೊಡಾಫಿನಿಲ್‌ನ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು 15 ಗಂಟೆ ಬೇಕು. ಅದು ಗರ್ಭನಿರೋಧಕ ಮಾತ್ರೆಯ ಪ್ರಭಾವವನ್ನು ಕುಗ್ಗಿಸುತ್ತದೆ. ಅಪರೂಪಕ್ಕೆ ಜೀವಕ್ಕೇ ಎರವಾಗುವ ಚರ್ಮದ ಕಾಯಿಲೆ ತರುತ್ತದೆ. ಭಾರತದಲ್ಲಿ ಎರಡನ್ನೂ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಮಿಥೈಲ್‌ಫೆನಿಡೇಟ್ ಮಾದಕವಸ್ತು ನಿಯಂತ್ರಣದ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲೇ ಇದೆ. ಸ್ನೇಹಿತನಿಗೆಂದು ಬರೆದುಕೊಟ್ಟ ಮಾತ್ರೆಯನ್ನು ಹಂಚಿಕೊಂಡು ನುಂಗುವುದು ಆ ಕಾಯ್ದೆಯ ಕಣ್ಣಿಗೆ ಗೆಳೆತನವಾಗಿ ಕಾಣುವುದಿಲ್ಲ.

ನೈತಿಕತೆಯ ವಾದ ಕಾವೇರಿದ್ದು 2008ರಲ್ಲಿ. ಆ ವರ್ಷ ‘ನೇಚರ್’ ಪತ್ರಿಕೆಯ ಸಮೀಕ್ಷೆಗೆ 60 ದೇಶಗಳ 1,400 ಮಂದಿ ಓದುಗರು ಉತ್ತರಿಸಿದರು. ಐವರಲ್ಲಿ ಒಬ್ಬರು ಕಾಯಿಲೆಯಿಲ್ಲದೆಯೂ ಇಂಥ ಮಾತ್ರೆ ನುಂಗಿದ್ದೇವೆ ಎಂದರು. ವಯಸ್ಕರು ಅಪಾಯ ತಿಳಿದು ಬಳಸುವುದಾದರೆ ಬಳಸಲಿ ಎಂದು ಕೆಲವು ವಿದ್ವಾಂಸರು ಅದೇ ಪತ್ರಿಕೆಯಲ್ಲಿ ಬರೆದರು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ 2011ರಲ್ಲಿ, ಓದಿಗಾಗಿ ಚೀಟಿಯಿಲ್ಲದೆ ಈ ಔಷಧಿ ಬಳಸುವುದನ್ನು ಪರೀಕ್ಷಾ ವಂಚನೆಯ ಪಟ್ಟಿಗೇ ಸೇರಿಸಿತು.

ವಂಚನೆಯ ವಾದ ಅಷ್ಟು ಗಟ್ಟಿಯಲ್ಲ. ಕೋಲಾರ ಸೀಮೆಯ ವಕ್ಕಲೇರಿಯಿಂದ ಬೆಳಗಿನ ಬಸ್ಸು ಹಿಡಿದು ಕಾಲೇಜಿಗೆ ಹೋಗುವ ಹುಡುಗಿಗೂ, ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಫೀಸು ಕಟ್ಟಿ ನೀಟ್ ಕೋಚಿಂಗ್ ಪಡೆಯುವವಳಿಗೂ ಇರುವ ಅಂತರದ ಮುಂದೆ ಒಂದು ಮಾತ್ರೆಯ ಅನ್ಯಾಯ ಎಷ್ಟರದು? ಹೆಚ್ಚು ಚಿಂತಿಸಬೇಕಾದದ್ದು ಒತ್ತಡದ ವಿಷಯ. ಒಬ್ಬ ನುಂಗಿದರೆ ಪಕ್ಕದವನೂ ನುಂಗಬೇಕಾಗುತ್ತದೆ. ರಾತ್ರಿ ಪಾಳಿಯಿಂದ ನಿದ್ದೆಗೆಟ್ಟು ತೂಕಡಿಸುವವರಿಗೆ ಅಮೆರಿಕ 2004ರಲ್ಲೇ ಮೊಡಾಫಿನಿಲ್ ಒಪ್ಪಿತು. 2010ರಲ್ಲಿ ಯುರೋಪಿನ ಔಷಧ ಸಂಸ್ಥೆ ಅದು ನಾರ್ಕೊಲೆಪ್ಸಿಗೆ ಮಾತ್ರ ಸಾಕು ಎಂದಿತು. ನರಸಾಪುರ, ಮಾಲೂರಿನಂಥ ಕೈಗಾರಿಕಾ ಪ್ರದೇಶಗಳ ರಾತ್ರಿ ಪಾಳಿಯವರನ್ನು ನೆನೆದರೆ ಯುರೋಪಿನ ತೀರ್ಮಾನವೇ ಸರಿ ಎನಿಸುತ್ತದೆ. ಪಾಳಿಯನ್ನು ಮನುಷ್ಯನಿಗೆ ಹೊಂದಿಸುವ ಬದಲು ಮನುಷ್ಯನನ್ನು ಪಾಳಿಗೆ ಹೊಂದಿಸಲು ಮಾತ್ರೆ ಬಂದರೆ, ಬೇಡ ಎನ್ನುವ ಧೈರ್ಯ ಯಾವ ಕಾರ್ಮಿಕನಿಗಿದೆ?

ಮಕ್ಕಳ ವಿಷಯದಲ್ಲಿ ಹೆಚ್ಚು ತಕರಾರಿಲ್ಲ. ಅಮೆರಿಕದ ನರರೋಗ ತಜ್ಞರ ಅಕಾಡೆಮಿ, ಆರೋಗ್ಯವಂತ ಮಕ್ಕಳಿಗೆ ಬುದ್ಧಿ ಚುರುಕಾಗಲೆಂದು ಔಷಧಿ ಬರೆಯುವುದು ಸರಿಯಲ್ಲ ಎಂದು 2013ರಲ್ಲಿ ಹೇಳಿತು. ಓದಲು ಕೂತರೂ ಗಮನ ನಿಲ್ಲದ ಮಗುವಿಗೆ ನಿಜವಾಗಿ ಎಡಿಎಚ್‌ಡಿ ಇದೆಯೇ ಎಂದು ಹೇಳಬೇಕಾದವರು ಮನೋವೈದ್ಯರೇ ಹೊರತು ಮೆಡಿಕಲ್ ಸ್ಟೋರಿನವರಲ್ಲ. ಪರೀಕ್ಷೆಯ ಭಯದಲ್ಲಿ ನಿದ್ದೆ ಬಾರದವರು ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಹಗಲು ರಾತ್ರಿ ಕನ್ನಡದಲ್ಲೂ ಮಾತನಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.