ಬೆಳಕನ್ನುಂಡು ಬಾಳುವ ಕಪ್ಪೆಚಿಪ್ಪು

ಅಮೆರಿಕ, ಸಿಂಗಪುರ ಮೊದಲಾದೆಡೆ ನೆಲೆಸಿರುವ ನಮ್ಮ ಬಂಧುಗಳಲ್ಲಿ ಕೆಲವರು ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟು, ಅದರಲ್ಲಿ ಜೀವಂತ ಹವಳವನ್ನು ಬೆಳೆಸುತ್ತಾರೆ. ಹವಳ ಕೈಹಿಡಿದ ಮೇಲೆ ಅವರ ಮುಂದಿನ ಆಸೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ: ಟ್ರೈಡಾಕ್ನಾ ಎಂಬ ಕಪ್ಪೆಚಿಪ್ಪು. ನೀಲಿ, ಹಸಿರು, ಹೊಂಗಂದು ಬಣ್ಣಗಳ ಮಾಂಸಲ ಸೆರಗನ್ನು ಚಿಪ್ಪಿನ ಹೊರಗೆ ಹರಡಿಕೊಂಡು ಕುಳಿತ ಈ ಪ್ರಾಣಿಯನ್ನು ಕಂಡ ಮಕ್ಕಳು ಬೇಕೆಂದು ಹಟ ಹಿಡಿಯುವುದು ಸಹಜ. ಹಟಕ್ಕೆ ಮಣಿಯುವ ಮುನ್ನ ಹಿರಿಯರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ.

ನಾಡಿನಲ್ಲಿಯೇ ಇರುವ ಓದುಗರಿಗೆ ಮೊದಲು ಒಂದು ಮಾತು. ಲಕ್ಷದ್ವೀಪ, ಅಂಡಮಾನ್ ಕಡಲುಗಳಲ್ಲಿ ಈ ಚಿಪ್ಪುಗಳು ವಾಸಿಸುತ್ತವೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಹವಳಗಳೊಂದಿಗೆ ಇವನ್ನೂ ಸೇರಿಸಲಾಯಿತು. ಇಲ್ಲಿ ಇವನ್ನು ಹಿಡಿಯುವುದೂ ಮಾರುವುದೂ ಅಪರಾಧ. ಆದ್ದರಿಂದ ಮುಂದಿನ ಮಾತುಗಳೆಲ್ಲ ಹೊರದೇಶಗಳಲ್ಲಿ, ಅಲ್ಲಿನ ಕಾನೂನಿನ ಒಳಗೆ ಸಾಕುವವರಿಗೆ ಸಂಬಂಧಿಸಿದವು.

ಈ ಪ್ರಾಣಿಯ ಜೀವನಕ್ರಮ ವಿಸ್ಮಯಕರವಾದುದು. ಅದರ ಜಠರದಿಂದ ಕವಲೊಡೆದ ಸೂಕ್ಷ್ಮ ನಾಳಗಳು ಆ ಬಣ್ಣದ ಸೆರಗಿನ ತುಂಬ ಹಬ್ಬಿರುತ್ತವೆ. ಆ ನಾಳಗಳೊಳಗೆ ಏಕಕೋಶದ ಪಾಚಿ ನೆಲೆಸಿರುತ್ತದೆ. ಪಾಚಿಯು ಬೆಳಕಿನಿಂದ ಸಕ್ಕರೆಯನ್ನು ತಯಾರಿಸಿ ಅದರಲ್ಲಿ ಬಹುಪಾಲನ್ನು ಚಿಪ್ಪಿಗೆ ಒಪ್ಪಿಸುತ್ತದೆ. ಚಿಪ್ಪು ತನ್ನ ಮಲಿನಾಂಶವನ್ನೇ ಪಾಚಿಗೆ ಗೊಬ್ಬರವಾಗಿ ನೀಡುತ್ತದೆ. ನೀರನ್ನು ಸೋಸಿ ಆಹಾರ ಪಡೆಯುವ ಶಕ್ತಿಯೂ ಅದಕ್ಕಿದೆಯಾದರೂ ಬೆಳಕೇ ಅದರ ಮುಖ್ಯ ಅನ್ನ. ಈ ಕುಲದ ಹಿರಿಯನಾದ ಗಿಗಾಸ್ ಒಂದು ಮೀಟರಿಗೂ ಮೀರಿ, 200 ಕಿಲೋಗಿಂತ ಹೆಚ್ಚು ತೂಗುವಷ್ಟು ಬೆಳೆಯುವುದು ಈ ಒಡಂಬಡಿಕೆಯ ಬಲದಿಂದಲೇ.

ಇಷ್ಟು ತಿಳಿದರೆ ಆಯ್ಕೆಯ ಪ್ರಶ್ನೆ ಅರ್ಧ ಬಗೆಹರಿಯಿತು. ಅಂಗಡಿಯಲ್ಲಿ ಕಣ್ಣನ್ನು ಮೊದಲು ಸೆಳೆಯುವುದು ಕ್ರೋಸಿಯಾ ಮತ್ತು ಮ್ಯಾಕ್ಸಿಮಾ ಜಾತಿಗಳ ಕಡುನೀಲಿ. ಅವೆರಡೂ ಅತ್ಯಂತ ಪ್ರಖರವಾದ ಬೆಳಕನ್ನು ಬೇಡುತ್ತವೆ. ಹೊಸಬರ ಕೈಯಲ್ಲಿ ಬಾಳುವುದು ಕಷ್ಟ. ಬಣ್ಣದಲ್ಲಿ ತುಸು ಸಾದಾ ಎನ್ನಿಸಿದರೂ ಡೆರಾಸಾ ಅಥವಾ ಸ್ಕ್ವಾಮೋಸಾ ಮೊದಲ ಚಿಪ್ಪಾಗಲು ತಕ್ಕವು. ಸ್ಕ್ವಾಮೋಸಾದ ಚಿಪ್ಪಿನ ಮೇಲೆ ಅಂಚುಕಟ್ಟಿದಂತೆ ಎದ್ದುನಿಂತ ಪದರಗಳು ಸೆರಗಿನ ಬಣ್ಣಕ್ಕಿಂತ ಸುಂದರವೆಂಬುದು ನಮ್ಮ ಅಭಿಪ್ರಾಯ. ಐದು ಸೆಂಟಿಮೀಟರಿಗಿಂತ ಚಿಕ್ಕದಾದ ಮರಿಯನ್ನು ಅಗ್ಗವೆಂದು ಕೊಳ್ಳಬಾರದು. ಎಂಟು ಸೆಂಟಿಮೀಟರ್ ಇದ್ದರೆ ಉತ್ತಮ.

ಅದು ಎಲ್ಲಿ ಹುಟ್ಟಿದ್ದು ಎಂದು ಕೇಳುವುದು ಇನ್ನೂ ಮುಖ್ಯ. ಮಾಂಸಕ್ಕಾಗಿ, ಚಿಪ್ಪಿಗಾಗಿ ನಡೆದ ಲೂಟಿಯಿಂದ ಪೆಸಿಫಿಕ್ಕಿನ ಅನೇಕ ದಿಬ್ಬಗಳಲ್ಲಿ ಈ ಸಂತತಿ ಬರಿದಾಯಿತು. 1985ರ ವೇಳೆಗೆ ಇಡೀ ಕುಟುಂಬವೇ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟ್ಸ್ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿತು. ಅದೇ ದಶಕದಲ್ಲಿ ಪಲಾವ್ ದ್ವೀಪದ ಕೇಂದ್ರವೊಂದು ಡೆರಾಸಾ ಮೊದಲಾದವನ್ನು ತೊಟ್ಟಿಗಳಲ್ಲಿ ಮೊಟ್ಟೆಯಿಂದಲೇ ಬೆಳೆಸುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಸಾಧಿಸಿ ತೋರಿಸಿತು. ಹೀಗೆ ತೊಟ್ಟಿಯಲ್ಲಿ ಹುಟ್ಟಿದ್ದು ಸಿಗುವಾಗ ಕಡಲಿನಿಂದ ಕಿತ್ತದ್ದನ್ನು ಮನೆಗೆ ತರುವುದಕ್ಕೆ ನಾವು ಒಪ್ಪಲಾರೆವು. 2024ರ ಜುಲೈಯಲ್ಲಿ ಅಮೆರಿಕದ ಮೀನುಗಾರಿಕಾ ಇಲಾಖೆಯು ಹತ್ತು ಜಾತಿಗಳನ್ನು ಅಲ್ಲಿನ ಅಳಿವಿನಂಚಿನ ಜೀವಿಗಳ ಕಾಯ್ದೆಯಡಿ ತರುವ ಪ್ರಸ್ತಾಪ ಹೊರಡಿಸಿತು. ಡೆರಾಸಾ, ಸ್ಕ್ವಾಮೋಸಾ ಎರಡೂ ಅದರಲ್ಲಿದ್ದವು. ಅಲ್ಲಿನ ಬಂಧುಗಳು ಕೊಳ್ಳುವ ದಿನದ ನಿಯಮವನ್ನು ವಿಚಾರಿಸಿಯೇ ಮುಂದುವರಿಯತಕ್ಕದ್ದು.

ಆರೋಗ್ಯದ ಪರೀಕ್ಷೆ ಸುಲಭ. ಸೆರಗಿನ ಅಂಚಿನಲ್ಲಿ ನೂರಾರು ಪುಟ್ಟ ಕಣ್ಣುಗಳಿರುವುದರಿಂದ ಕೈಯ ನೆರಳು ಬಿದ್ದೊಡನೆ ಅದು ಥಟ್ಟನೆ ಮುಚ್ಚಿಕೊಳ್ಳಬೇಕು. ನೀರೆಳೆಯುವ ಬಾಯಿ ಸದಾ ಅಗಲಿಸಿಕೊಂಡಿದ್ದರೆ, ಸೆರಗಿನ ನಡುಭಾಗ ಬೆಳ್ಳಗಾಗಿದ್ದರೆ ಬೇಡವೆನ್ನಬೇಕು. ಚಿಪ್ಪಿನ ತುದಿಯಲ್ಲಿ ಹೊಸ ಬೆಳವಣಿಗೆಯ ಬಿಳಿಗೆರೆ ಕಂಡರೆ ಶುಭಲಕ್ಷಣ. ಅಡಿಭಾಗದಿಂದ ಹೊರಟ ರೇಷ್ಮೆಯಂಥ ಎಳೆಗಳಿಂದ ಅದು ಕಲ್ಲನ್ನು ಹಿಡಿದಿರುತ್ತದೆ. ಅಂಗಡಿಯವನು ಅದನ್ನು ಜಗ್ಗಿ ಕೀಳಲು ಹೊರಟರೆ ತಡೆಯಬೇಕು, ಆ ಎಳೆಗಳನ್ನು ಬ್ಲೇಡಿನಿಂದ ಕತ್ತರಿಸಬೇಕು. ಬುಡ ಹರಿದ ಚಿಪ್ಪು ಉಳಿಯುವುದು ಕಡಿಮೆ.

ತೊಟ್ಟಿಯು ಕನಿಷ್ಠ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ ಸುಸ್ಥಿತಿಯಲ್ಲಿ ನಡೆದಿರಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ. ಉಷ್ಣತೆ 25ರಿಂದ 27 ಡಿಗ್ರಿ, ಉಪ್ಪು ಲೀಟರಿಗೆ ಸುಮಾರು 35 ಗ್ರಾಂ, ಕ್ಯಾಲ್ಸಿಯಂ 400ರಿಂದ 450 ಪಿಪಿಎಂ, ಕ್ಷಾರಾಂಶ 8ರಿಂದ 10 ಡಿಕೆಎಚ್ ಇರಲಿ. ಚಿಪ್ಪು ಕಟ್ಟಿಕೊಳ್ಳಲು ಅದು ಕೊನೆಯ ಎರಡನ್ನೂ ನೀರಿನಿಂದ ಎಳೆದುಕೊಳ್ಳುತ್ತಲೇ ಇರುವುದರಿಂದ ವಾರಕ್ಕೊಮ್ಮೆ ಅಳೆಯುವುದು ಕಡ್ಡಾಯ. ಅತಿಯಾಗಿ ಸೋಸಿ ನೈಟ್ರೇಟನ್ನು ಪೂರ್ಣ ಇಲ್ಲವಾಗಿಸಿದರೆ ಒಳಗಿನ ಪಾಚಿ ಸೊರಗುತ್ತದೆ, ಸ್ವಲ್ಪ ಇರಲೇಬೇಕು. ಮೀನಿನ ರೋಗಕ್ಕೆ ತಾಮ್ರ ಬೆರೆತ ಔಷಧಿ ಹಾಕಿದರೆ ಚಿಪ್ಪಿನ ಕಥೆ ಮುಗಿದಂತೆ. ಏಂಜೆಲ್, ಚಿಟ್ಟೆಮೀನುಗಳು ಸೆರಗನ್ನು ಕಚ್ಚುತ್ತವೆ. ಅವಿರುವ ತೊಟ್ಟಿಗೆ ಚಿಪ್ಪು ಬೇಡ.

ತಂದ ದಿನ ತೊಟ್ಟಿಯ ನೀರನ್ನು ಹನಿಹನಿಯಾಗಿ ಬೆರೆಸುತ್ತ ಒಗ್ಗಿಸಬೇಕು. ಡೆರಾಸಾ, ಸ್ಕ್ವಾಮೋಸಾಗಳನ್ನು ಮರಳಿನ ಮೇಲೆ, ಕೆಳಗೊಂದು ಚಪ್ಪಟೆ ಕಲ್ಲಿಟ್ಟು, ಪಂಪಿನ ರಭಸ ನೇರವಾಗಿ ತಾಗದೆಡೆ ಕೂರಿಸಬೇಕು. ಬೆಳಕು ಹೆಚ್ಚಿರುವ ತೊಟ್ಟಿಯಾದರೆ ಕೆಲವು ವಾರ ದೀಪವನ್ನು ಮಂದಗೊಳಿಸಿ ಕ್ರಮೇಣ ಏರಿಸುವುದು ಲೇಸು. ಮಕ್ಕಳು ದಿನಕ್ಕೊಂದು ಜಾಗಕ್ಕೆ ಸರಿಸದಂತೆ ನೋಡಿಕೊಳ್ಳಬೇಕು.

ಮೊದಲ ತಿಂಗಳುಗಳಲ್ಲಿ ರಾತ್ರಿ ದೀಪವಾರಿದ ಮೇಲೆ ಟಾರ್ಚು ಹಿಡಿದು ಚಿಪ್ಪಿನ ಪದರಗಳನ್ನೂ ಬುಡವನ್ನೂ ಪರೀಕ್ಷಿಸುವ ರೂಢಿ ಇಟ್ಟುಕೊಳ್ಳಬೇಕು. ಅಕ್ಕಿನುಚ್ಚಿನಂಥ ಬಿಳಿಯ ಪುಟ್ಟ ಬಸವನಹುಳುಗಳು ಕತ್ತಲಲ್ಲಿ ಹೊರಬಂದು ಚಿಪ್ಪಿನ ರಸ ಹೀರುತ್ತವೆ. ಕಂಡರೆ ಚಿಪ್ಪನ್ನು ಹೊರತೆಗೆದು, ಸೆರಗಿಗೆ ತಾಗದಂತೆ, ಹಲ್ಲುಜ್ಜುವ ಬ್ರಷ್ಷಿನಿಂದ ಮೊಟ್ಟೆಸಹಿತ ಉಜ್ಜಿ ತೆಗೆಯಬೇಕು. ಒಮ್ಮೆಗೆ ಮುಗಿಯುವ ಕೆಲಸವಲ್ಲ, ಹಲವು ವಾರ ಮುಂದುವರಿಸಬೇಕಾಗುತ್ತದೆ.

ಎಳೆಯ ಡೆರಾಸಾ ವರ್ಷಕ್ಕೆ ಒಂದೆರಡು ಅಂಗುಲ ಬೆಳೆದು, ಕಡೆಗೆ ಅರ್ಧ ಮೀಟರನ್ನು ದಾಟಬಲ್ಲದು, ಆಯುಷ್ಯವೂ ದಶಕಗಳದು. ಕೆಲಸದ ನಿಮಿತ್ತ ಊರೂರು ತಿರುಗುವ ಕುಟುಂಬದವರು, ಅದು ತೊಟ್ಟಿಗೆ ಹಿಡಿಸದಾದಾಗ ಯಾರು ವಹಿಸಿಕೊಳ್ಳುವರು ಎಂಬುದನ್ನು ಹಣ ಕೊಡುವ ಮೊದಲೇ ಗೊತ್ತುಮಾಡಿಕೊಂಡಿರಬೇಕು.