ಹೋಟೆಲಿನ ಬಾಲ್ಕನಿ ಮತ್ತು ಮನೆಯ ಮಗು

ಶಾಲೆಗಳಿಗೆ ರಜೆ ಬಂತೆಂದರೆ ಮನೆಮನೆಯಲ್ಲಿಯೂ ಪ್ರವಾಸದ ಮಾತು. ಮಡಿಕೇರಿಗೆ ಹೋಗೋಣವೆ, ಊಟಿಗೆ ಹೋಗೋಣವೆ, ಗೋಕರ್ಣದ ಕಡಲು ನೋಡಿ ಬರೋಣವೆ ಎಂದು ಚರ್ಚೆ. ಹಿಂದೆ ನಮ್ಮ ಹಿರಿಯರು ಯಾತ್ರೆಗೆ ಹೊರಟರೆ ಛತ್ರದಲ್ಲಿಯೋ ನೆಂಟರ ಮನೆಯಲ್ಲಿಯೋ ಇಳಿದುಕೊಳ್ಳುತ್ತಿದ್ದರು. ಅಲ್ಲಿ ಜಗಲಿ ಇತ್ತು, ಅಂಗಳ ಇತ್ತು. ಬಾವಿಕಟ್ಟೆಯೊಂದರ ಮೇಲೆ ಕಣ್ಣಿಟ್ಟಿದ್ದರೆ ಸಾಕಾಗಿತ್ತು. ಈಗ ನಾವು ಇಳಿದುಕೊಳ್ಳುವುದು ಮೂರನೆಯದೋ ಐದನೆಯದೋ ಮಹಡಿಯ ಕೋಣೆಯಲ್ಲಿ. ಬಾವಿಕಟ್ಟೆಯ ಸ್ಥಾನಕ್ಕೆ ಬಾಲ್ಕನಿ ಬಂದಿದೆ. ಬಾವಿಗೆ ಹೆದರುವುದನ್ನು ನಮಗೆ ಅಜ್ಜಿಯರು ಕಲಿಸಿದ್ದರು. ಬಾಲ್ಕನಿಗೆ ಹೆದರುವುದನ್ನು ಯಾರೂ ಕಲಿಸಲಿಲ್ಲ.

ನನಗೆ ಕಲಿಸಿದವನು ನನ್ನ ಮೊಮ್ಮಗ. ಅವನಿಗಾಗ ಮೂರು ವರ್ಷ. ಬೆಟ್ಟದ ಊರೊಂದರ ಹೋಟೆಲಿನಲ್ಲಿ ಮೂರನೆಯ ಮಹಡಿಯ ಕೋಣೆ ದೊರೆತಿತ್ತು. ಪೆಟ್ಟಿಗೆಗಳನ್ನು ತಂದಿಟ್ಟ ಹುಡುಗ ಬಾಲ್ಕನಿಯ ಬಾಗಿಲನ್ನು ಸರಕ್ಕನೆ ಸರಿಸಿ, ನೋಟ ಬಹಳ ಚೆನ್ನಾಗಿದೆ ಎಂದು ಹೇಳಿ ಹೋದ. ಮಗ ಕೆಳಗೆ ರಿಜಿಸ್ಟರಿಗೆ ಸಹಿ ಹಾಕುತ್ತಿದ್ದ. ಸೊಸೆ ಮುಖ ತೊಳೆಯಲು ಹೋಗಿದ್ದಳು. ನಾನು ಚೀಲದಲ್ಲಿ ಹಾಲಿನ ಲೋಟಕ್ಕಾಗಿ ತಡಕಾಡುತ್ತಿದ್ದೆ. ಕುರ್ಚಿ ಎಳೆಯುವ ಗರಗರ ಸದ್ದು ಕೇಳಿತು. ಪಕ್ಕದ ಕೋಣೆಯದಿರಬೇಕು ಎಂದುಕೊಂಡೆ. ತಲೆ ಎತ್ತಿ ನೋಡುತ್ತೇನೆ, ಮಗು ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಿಂತು, ಕಂಬಿಯ ಮೇಲೆ ಹೊಟ್ಟೆಯೂರಿ, ಕೆಳಗೆ ರಸ್ತೆಯಲ್ಲಿದ್ದ ಕುದುರೆಯನ್ನು ನೋಡುತ್ತಿದೆ! ಕೂಗು ಗಂಟಲಿಗೆ ಬಂದಿತ್ತು, ನುಂಗಿಕೊಂಡೆ. ಸದ್ದಿಲ್ಲದೆ ಹೋಗಿ ಸೊಂಟಕ್ಕೆ ಕೈಹಾಕಿ ಇಳಿಸಿಕೊಂಡೆ. ಕುದುರೆ ನೋಡಲು ಬಿಡಲಿಲ್ಲವೆಂದು ಅವನು ನನ್ನ ಮೇಲೆಯೇ ಮುನಿದ. ನನಗೆ ಆ ರಾತ್ರಿ ನಿದ್ರೆ ಬರಲಿಲ್ಲ.

ಆಮೇಲೆ ಕುಳಿತು ಯೋಚಿಸಿದರೆ, ತಪ್ಪು ಯಾರದೆಂದು ಹೇಳುವುದು ಕಷ್ಟ. ಮಗು ಅಜ್ಜಿಯ ಬಳಿ ಇದೆ ಎಂದು ಸೊಸೆ ನಂಬಿದ್ದಳು. ತಾಯಿಯ ಹಿಂದೆ ಹೋಗಿದೆ ಎಂದು ನಾನು ನಂಬಿದ್ದೆ. ಎಲ್ಲರೂ ಇರುವಾಗಲೇ ಯಾರೂ ನೋಡದಿರುವುದು, ಇದೇ ಇಂತಹ ಅಪಾಯದ ಮೊದಲ ಬೇರು. ಅದರಲ್ಲಿಯೂ ಕೋಣೆಗೆ ಬಂದಿಳಿದ ಮೊದಲ ಗಳಿಗೆ ಬಹಳ ಕೆಟ್ಟದ್ದು. ದೊಡ್ಡವರಿಗೆ ಪ್ರಯಾಣದ ದಣಿವು, ಸಾಮಾನಿನ ಚಿಂತೆ. ಮಗುವಿಗೆ ಹೊಸ ಜಾಗದ ಉತ್ಸಾಹ.

ಇನ್ನು ಮಗುವಿನ ದೇಹದ ಲೆಕ್ಕವನ್ನು ನೋಡೋಣ. ಹುಟ್ಟಿದ ಶಿಶುವಿನ ತಲೆ ಅದರ ಉದ್ದದ ಸುಮಾರು ನಾಲ್ಕನೆಯ ಒಂದು ಭಾಗ. ಬೆಳೆದವರಲ್ಲಿ ಅದು ಏಳೆಂಟನೆಯ ಒಂದು ಭಾಗ ಮಾತ್ರ. ಎಂದರೆ ಎಳೆಯ ಮಕ್ಕಳಲ್ಲಿ ತೂಕ ಮೇಲುಗಡೆಗೆ ಹೆಚ್ಚು. ನಾವು ಬಗ್ಗಿ ನೋಡಿದರೆ ಕಾಲು ನೆಲದಲ್ಲಿ ನಿಲ್ಲುತ್ತದೆ. ಮಗು ಬಗ್ಗಿದರೆ ತಲೆ ಎಳೆದುಕೊಂಡು ಹೋಗುತ್ತದೆ. ಮೂರು ವರ್ಷದ ಮಗುವಿನ ಎತ್ತರ ಸುಮಾರು ೯೫ ಸೆಂಟಿಮೀಟರ್. ಬಾಲ್ಕನಿಯ ಕಂಬಿ ಒಂದು ಮೀಟರ್ ಎತ್ತರವಿದ್ದರೆ ನೆಲದ ಮೇಲೆ ನಿಂತ ಮಗುವಿನ ನೆತ್ತಿಗಿಂತಲೂ ಅದು ಮೇಲಿರುತ್ತದೆ, ನಮಗೆ ಧೈರ್ಯ. ಆದರೆ ಕುರ್ಚಿಯ ಎತ್ತರ ಸುಮಾರು ೪೫ ಸೆಂಟಿಮೀಟರ್. ಅದರ ಮೇಲೆ ಹತ್ತಿದ ಮಗುವಿಗೆ ಅದೇ ಕಂಬಿ ಹೊಟ್ಟೆಯ ಮಟ್ಟಕ್ಕೆ ಬಂದುಬಿಡುತ್ತದೆ. ಆಮೇಲೆ ತುದಿಗಾಲಿನಲ್ಲಿ ನಿಂತರೆ ಸಾಕು. ಕಂಬಿಯನ್ನು ಕಟ್ಟಿದವನು ಕೊಟ್ಟ ರಕ್ಷಣೆಯನ್ನು ಒಂದು ಕುರ್ಚಿ ಕಸಿದುಕೊಳ್ಳುತ್ತದೆ.

ಬಿದ್ದಮೇಲೆ ಹಿಡಿಯುವ ಮಾತೇ ಇಲ್ಲ. ಮೂರು ಮೀಟರ್ ಎತ್ತರದಿಂದ, ಎಂದರೆ ಬರಿಯ ಒಂದು ಮಹಡಿಯಿಂದ, ಬಿದ್ದ ವಸ್ತು ನೆಲ ಮುಟ್ಟಲು ಒಂದು ಸೆಕೆಂಡು ಕೂಡ ಬೇಡ. ಆಗ ಅದರ ವೇಗ ಗಂಟೆಗೆ ಸುಮಾರು ೨೮ ಕಿಲೋಮೀಟರ್. ಕೋಣೆಯ ಈ ಕೊನೆಯಿಂದ ಆ ಕೊನೆಗೆ ಓಡಲು ನಮಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಆದ್ದರಿಂದ ಎಚ್ಚರಿಕೆ ಏನಿದ್ದರೂ ಮೊದಲೇ ಇರಬೇಕು.

ಕಂಬಿಗಳ ನಡುವಿನ ಸಂದನ್ನೂ ನೋಡಬೇಕು. ಇಂಗ್ಲೆಂಡಿನ ಕಟ್ಟಡದ ನಿಯಮದಂತೆ, ಮಕ್ಕಳು ಇರಬಹುದಾದ ಕಟ್ಟಡಗಳಲ್ಲಿ ೧೦ ಸೆಂಟಿಮೀಟರ್ ಅಗಲದ ಗೋಲಿಯೊಂದು ಈ ಸಂದಿನಲ್ಲಿ ತೂರಬಾರದು. ಅಮೆರಿಕದಲ್ಲಿ ಬಳಕೆಯಲ್ಲಿರುವ ನಿಯಮವೂ ನಾಲ್ಕು ಅಂಗುಲವೆನ್ನುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ. ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳುವುದನ್ನು ತಪ್ಪಿಸುವುದೂ ಇದರ ಉದ್ದೇಶ. ನಮ್ಮಲ್ಲಿ ಹಳೆಯ ಕಟ್ಟಡಗಳು ಬಹಳ. ಅವುಗಳ ಕಂಬಿಗಳು ಇಂತಹ ಅಳತೆಯನ್ನು ಕಂಡಿರಲಾರವು. ಅಳತೆಪಟ್ಟಿ ಬೇಡ. ದೊಡ್ಡವರ ಅಂಗೈ ಹೆಬ್ಬೆರಳೂ ಸೇರಿ ಸುಮಾರು ೧೦ ಸೆಂಟಿಮೀಟರ್ ಅಗಲವಿರುತ್ತದೆ. ಕೈಯನ್ನು ಅಡ್ಡವಾಗಿ ಸಂದಿನಲ್ಲಿಟ್ಟು ನೋಡಿ. ಎರಡು ಕಡೆಯೂ ಜಾಗ ಮಿಕ್ಕರೆ ಆ ಬಾಲ್ಕನಿ ಎಳೆಯ ಮಕ್ಕಳಿಗೆ ಸಲ್ಲದು. ಕಂಬಿಗಳು ಅಡ್ಡಡ್ಡಲಾಗಿದ್ದರೆ ಅದು ಏಣಿಯೇ ಸರಿ; ಕುರ್ಚಿಯೂ ಬೇಕಾಗುವುದಿಲ್ಲ.

ಈಗ ಬಾಗಿಲಿನ ವಿಷಯ. ಮನೆಯ ಬಾಗಿಲಿಗೆ ಮೇಲೆ ಅಗುಳಿ ಇರುವುದುಂಟು, ಮಗುವಿಗೆ ಎಟುಕದು. ಹೋಟೆಲಿನ ಸರಿಯುವ ಗಾಜಿನ ಬಾಗಿಲಿಗೆ ಚಿಲಕ ಸೊಂಟದ ಮಟ್ಟದಲ್ಲಿರುತ್ತದೆ, ಬೆರಳಿನಿಂದ ಒತ್ತಿದರೆ ತೆರೆಯುವಂಥದು. ದೊಡ್ಡವರು ಒಮ್ಮೆ ತೆರೆದದ್ದನ್ನು ಕಂಡ ಮಗು ಎರಡನೆಯ ಸಲ ತಾನೇ ತೆರೆಯುತ್ತದೆ. ಸೊಳ್ಳೆಪರದೆಯ ಬಾಗಿಲೊಂದು ಇದ್ದರೆ ಅದನ್ನು ನಂಬಬೇಡಿ. ಅದು ಸೊಳ್ಳೆಯನ್ನು ತಡೆಯುತ್ತದೆ, ಮಗುವಿನ ಭಾರವನ್ನು ತಡೆಯುವುದಿಲ್ಲ. ಬಾಗಿಲು ಸರಿಯುವಾಗ ಬೆರಳು ಸಿಕ್ಕಿಕೊಳ್ಳುವುದು, ಶುಭ್ರವಾದ ಗಾಜು ಕಾಣದೆ ಮಗು ಓಡಿಬಂದು ಹಾಯುವುದು, ಇವೂ ಉಂಟು. ಗಾಜಿನ ಮೇಲೆ ಮಗುವಿನ ಕಣ್ಣಿನ ಮಟ್ಟದಲ್ಲಿ ಒಂದು ಬಣ್ಣದ ಕಾಗದ ಅಂಟಿಸಿದರೆ ಅಷ್ಟರಮಟ್ಟಿಗೆ ಕ್ಷೇಮ.

ಇನ್ನೊಂದು ಸಂಗತಿ ಅನೇಕರಿಗೆ ಹೊಳೆಯುವುದಿಲ್ಲ. ತಾಯಿ ಬಟ್ಟೆ ಹರವಲು ಬಾಲ್ಕನಿಗೆ ಹೋಗುತ್ತಾಳೆ. ಒಳಗಿರುವ ಮಗು ಆಟಕ್ಕೆ ಚಿಲಕ ಒತ್ತುತ್ತದೆ. ತಾಯಿ ಹೊರಗೆ, ಮಗು ಒಳಗೆ ಒಂಟಿ. ಕೂಗಿದರೆ ಮಗು ನಗುತ್ತದೆ. ಆದ್ದರಿಂದ ಬಾಲ್ಕನಿಗೆ ಕಾಲಿಡುವಾಗ ಮೊಬೈಲ್ ಕೈಯಲ್ಲಿರಲಿ, ಹೋಟೆಲಿನ ದೂರವಾಣಿ ಸಂಖ್ಯೆ ಅದರಲ್ಲಿರಲಿ. ಆದರೆ ಅದನ್ನೇ ನೋಡುತ್ತ ನಿಂತರೆ ಕೈಯಲ್ಲಿದ್ದೂ ಪ್ರಯೋಜನವಿಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದು, ಕೋಣೆ ಗೊತ್ತುಮಾಡುವಾಗಲೇ ಚಿಕ್ಕ ಮಗು ಇದೆ, ನೆಲಮಾಳಿಗೆಯ ಮೇಲಿನ ಮೊದಲ ಸಾಲಿನಲ್ಲಿ, ನೆಲದ ಮಟ್ಟದಲ್ಲಿಯೇ ಕೋಣೆ ಕೊಡಿ, ಇಲ್ಲವೆ ಬಾಲ್ಕನಿ ಇಲ್ಲದ ಕೋಣೆ ಕೊಡಿ ಎಂದು ಕೇಳಿ. ನೋಟ ತಪ್ಪಿದರೆ ತಪ್ಪಲಿ. ಬೆಟ್ಟ ಹೊರಗೆ ಹೋದರೂ ಕಾಣುತ್ತದೆ. ಎರಡನೆಯದು, ಕೋಣೆಗೆ ಬಂದೊಡನೆ ಒಬ್ಬರು ಮಗುವನ್ನು ಎತ್ತಿಕೊಂಡು ಬಾಗಿಲ ಹೊರಗೇ ನಿಲ್ಲಲಿ. ಇನ್ನೊಬ್ಬರು ಒಳಹೊಕ್ಕು ಬಾಲ್ಕನಿ, ಕಿಟಕಿ, ಚಿಲಕಗಳನ್ನು ನೋಡಲಿ. ಐದು ನಿಮಿಷದ ಕೆಲಸ. ಮೂರನೆಯದು, ಬಾಲ್ಕನಿಯ ಕುರ್ಚಿ, ಮೇಜು, ಹೂಕುಂಡಗಳನ್ನು ಒಳಗೆ ತಂದು ಬಾಗಿಲಿನಿಂದ ದೂರವಿಡಿ. ಕಿಟಕಿಗೆ ಒತ್ತಿದ ಮಂಚ ಸರಿಯುವಂತಿದ್ದರೆ ಅದನ್ನೂ ಸರಿಸಿ. ನಾಲ್ಕನೆಯದು, ಚಿಲಕ ನಿಲ್ಲದಿದ್ದರೆ ಸುಮ್ಮನಿರಬೇಡಿ. ಸರಿಪಡಿಸಿಕೊಡಿ, ಇಲ್ಲವೆ ಕೋಣೆ ಬದಲಾಯಿಸಿಕೊಡಿ ಎನ್ನಿ. ಹಣ ಕೊಡುವವರು ಸಂಕೋಚಪಡಬೇಕಾಗಿಲ್ಲ. ಐದನೆಯದು, ಈಗ ಮಗು ಯಾರ ವಶ ಎಂಬುದನ್ನು ಬಾಯಿಬಿಟ್ಟು ಹೇಳಿ. ‘ನಾನು ಸ್ನಾನಕ್ಕೆ ಹೋಗುತ್ತೇನೆ, ಮಗು ನಿಮ್ಮದು’ ಎಂದರೆ, ‘ಆಯಿತು, ನನ್ನದು’ ಎಂಬ ಉತ್ತರ ಬಂದಮೇಲೆಯೇ ಹೋಗತಕ್ಕದ್ದು.

ಮುಂಜಾನೆಯನ್ನು ಮರೆಯಬೇಡಿ. ಹೊಸ ಊರಿನಲ್ಲಿ ಮಕ್ಕಳು ಬೇಗ ಏಳುತ್ತವೆ. ದೊಡ್ಡವರು ದಣಿದು ಮಲಗಿರುತ್ತಾರೆ. ಮಲಗುವ ಮುಂಚೆ ಬಾಲ್ಕನಿಯ ಬಾಗಿಲನ್ನು ಮತ್ತೊಮ್ಮೆ ಎಳೆದು ನೋಡಿ, ಅದರ ಪಕ್ಕದಲ್ಲಿ ದೊಡ್ಡವರೊಬ್ಬರ ಹಾಸಿಗೆ ಇರಲಿ.

ಗದರಿಸಿ ಹೇಳಿದರೆ ಸಾಲದೆ ಎಂದು ಕೇಳುವವರಿದ್ದಾರೆ. ಹೇಳಲೇಬೇಕು, ಆದರೆ ಮೂರು ವರ್ಷದ ಮಗು ‘ಹೂಂ’ ಎಂದದ್ದನ್ನು ಕುದುರೆಯ ಗೊರಸಿನ ಸದ್ದು ಅಳಿಸಿಬಿಡುತ್ತದೆ. ನ್ಯೂಯಾರ್ಕ್ ನಗರದ ಅನುಭವ ಇದಕ್ಕೆ ಸಾಕ್ಷಿ. ಎತ್ತರದ ಮನೆಗಳ ಕಿಟಕಿಗಳಿಂದ ಮಕ್ಕಳು ಬೀಳುವುದು ಅಲ್ಲಿ ದೊಡ್ಡ ಪಿಡುಗಾಗಿತ್ತು. ೧೯೭೦ರ ದಶಕದ ಮೊದಲ ವರ್ಷಗಳಲ್ಲಿ ನಗರದ ಆರೋಗ್ಯ ಇಲಾಖೆ ‘ಮಕ್ಕಳು ಹಾರಲಾರರು’ ಎಂಬರ್ಥದ ಹೆಸರಿನಲ್ಲಿ ಕಾರ್ಯವೊಂದನ್ನು ಕೈಗೊಂಡಿತು. ಬರಿಯ ಉಪದೇಶ ಮಾಡಲಿಲ್ಲ. ಮನೆಮನೆಗೆ ಹೋಗಿ ತಿಳಿಯಹೇಳಿ, ಕಿಟಕಿಗೆ ಹಾಕುವ ಕಂಬಿಗಳನ್ನು ಉಚಿತವಾಗಿ ಕೊಟ್ಟರು. ಬ್ರಾಂಕ್ಸ್ ಭಾಗದಲ್ಲಿ ೧೯೭೩ರಿಂದ ೧೯೭೫ರೊಳಗೆ ಇಂತಹ ಅಪಘಾತಗಳು ಅರ್ಧಕ್ಕೆ ಇಳಿದವು. ೧೯೭೬ರಲ್ಲಿ, ಹತ್ತು ವರ್ಷದ ಒಳಗಿನ ಮಕ್ಕಳಿರುವ ಬಾಡಿಗೆ ಮನೆಗಳಿಗೆ ಮಾಲೀಕರು ಕಿಟಕಿ ಕಂಬಿ ಹಾಕಿಸಬೇಕೆಂಬ ನಿಯಮವೇ ಬಂತು. ಮಾತು ಮಗುವಿಗೆ, ಕಂಬಿ ಕಿಟಕಿಗೆ, ಎರಡೂ ಬೇಕು.

ನನ್ನ ಮೊಮ್ಮಗ ಈಗ ಎತ್ತರದ ಹುಡುಗ. ಆ ಕುದುರೆಯ ನೆನಪು ಅವನಿಗಿಲ್ಲ. ಆದರೆ ನಮ್ಮ ಮನೆಯವರು ಯಾವ ಊರಿಗೆ ಹೋದರೂ, ಪೆಟ್ಟಿಗೆ ಬಿಚ್ಚುವ ಮುಂಚೆ ಯಾರಾದರೊಬ್ಬರು ಹೋಗಿ ಬಾಲ್ಕನಿಯ ಕುರ್ಚಿಯನ್ನು ಒಳಗೆ ತಂದಿಡುತ್ತಾರೆ. ನೀವೂ ಹಾಗೆಯೇ ಮಾಡಿರೆಂದು ಬೇಡುತ್ತೇನೆ. ಪ್ರವಾಸ ಸುಖವಾಗಿರಲಿ, ಹೋದವರೆಲ್ಲರೂ ನಗುನಗುತ್ತ ಮನೆಗೆ ಮರಳಲಿ.