ಅಟ್ಟದ ಮೇಲಿನ ಪೆಡಲ್ ಕಾರು

ಮಕ್ಕಳು ತುಳಿದು ಓಡಿಸುವ ತಗಡಿನ ಕಾರನ್ನು ಸರಿಮಾಡಿ ಕೊಡುತ್ತೇನೆ ಅಂದರೆ ಚಿಂತಾಮಣಿಯಲ್ಲಿ ಜನ ಮೊದಲು ನಗುತ್ತಾರೆ. ಆಮೇಲೆ ಅವರಲ್ಲೇ ಒಬ್ಬರು, "ಹೌದಲ್ಲಾ, ನಮ್ಮ ಅಟ್ಟದ ಮೇಲೂ ಒಂದು ಬಿದ್ದದೆ" ಅನ್ನುತ್ತಾರೆ. ಬಸ್ಸು, ಲಾರಿಗಳ ಸೊಟ್ಟಾದ ಬಾಡಿ ತಟ್ಟಿ ನೆಟ್ಟಗೆ ಮಾಡುವ ಟಿಂಕರಿಂಗ್ ಕೆಲಸದಲ್ಲೇ ನನ್ನ ವಯಸ್ಸು ಕಳೆಯಿತು. ಈಗ ಭಾರದ ಕೆಲಸ ಆಗದು. ಮೂರಡಿ ಉದ್ದದ ಕಾರಾದರೆ ಮಣೆ ಹಾಕಿಕೊಂಡು ಕೂತೇ ಮಾಡಬಹುದು.

ನನ್ನ ಕೈಗೆ ಬರುವ ಕಾರುಗಳ ಮೇಲೆ ಮಾಡಿದವರ ಹೆಸರಿರುವುದೇ ಅಪರೂಪ. ಮೂತಿ ನೋಡಿದರೆ ಒಂದು ಅಂಬಾಸಿಡರ್‌, ಇನ್ನೊಂದು ಜೀಪು. ಊರಲ್ಲಿ ನಿಜವಾದ ಕಾರುಗಳೇ ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಎಣ್ಣೆ ಗಿರಣಿಯವರು, ರೇಷ್ಮೆ ವ್ಯಾಪಾರದವರು ಮಕ್ಕಳಿಗೆಂದು ಬೆಂಗಳೂರಿನಿಂದ ತಂದವು. ಆ ಮಕ್ಕಳೇ ಈಗ ಅಜ್ಜಂದಿರು.

ಪೆಡಲ್ ಕಾರುಗಳಲ್ಲಿ ಜಗತ್ತಿಗೆಲ್ಲ ಹೆಸರಾದದ್ದು ಆಸ್ಟಿನ್ ಕಂಪನಿಯ ಜೆ40. ವೇಲ್ಸ್‌ ನಾಡಿನ ಬಾರ್ಗೋಡ್ ಎಂಬ ಗಣಿ ಊರಲ್ಲಿ 1949ರಲ್ಲಿ ಅದಕ್ಕೆಂದೇ ಕಾರ್ಖಾನೆ ತೆರೆದರು. 1971ರವರೆಗೆ 32,000ಕ್ಕೂ ಹೆಚ್ಚು ಕಾರು ಮಾಡಿದರು. ಕೆಲಸಕ್ಕೆ ತೆಗೆದುಕೊಂಡದ್ದು ಕಲ್ಲಿದ್ದಲ ದೂಳು ಕುಡಿದು ಶ್ವಾಸಕೋಶ ಕೆಟ್ಟಿದ್ದ ಗಣಿ ಕಾರ್ಮಿಕರನ್ನು. ಬಳಸಿದ್ದು ದೊಡ್ಡ ಕಾರು ಮಾಡಿ ಉಳಿದ ತಗಡಿನ ಚೂರುಗಳನ್ನು. ಆದರೂ ಅದರ ಬಾನೆಟ್ ತೆರೆಯುತ್ತದೆ, ದೀಪ ಉರಿಯುತ್ತದೆ, ಹಾರ್ನ್ ಕೂಗುತ್ತದೆ. ಜಲ್ಲಿ ಕ್ರಷರ್‌ಗಳಿರುವ ನಮ್ಮ ಜಿಲ್ಲೆಯವರಿಗೆ ದೂಳಿನ ಕಾಯಿಲೆಯ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ನನಗಂತೂ ಆ ಕಾರಿಗಿಂತ ಅದನ್ನು ಮಾಡಿದವರೇ ಹತ್ತಿರದವರು ಅನ್ನಿಸಿತು. ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ 2012ರಿಂದ ಈ ಕಾರುಗಳಲ್ಲಿ ಮಕ್ಕಳನ್ನು ಕೂರಿಸಿ ರೇಸ್ ಓಡಿಸುತ್ತಾರೆ. ಗಾಜಿನ ಕಪಾಟಿನಲ್ಲಿ ಇಡುವುದಕ್ಕಿಂತ ಅದೇ ಸರಿ.

ಪೆಡಲ್ ಕಾರಿನ ಯಂತ್ರ ಬಲು ಸರಳ. ಬಹುತೇಕ ಕಾರುಗಳಲ್ಲಿ ಚೈನು ಇಲ್ಲ, ಪೆಡಲ್ ಗುಂಡಗೆ ಸುತ್ತುವುದೂ ಇಲ್ಲ. ಇಳಿಬಿದ್ದ ಎರಡು ಪಟ್ಟಿಗಳು ಹಿಂದಕ್ಕೂ ಮುಂದಕ್ಕೂ ಆಡುತ್ತವೆ. ಒಂದೊಂದು ಪಟ್ಟಿಯಿಂದ ಒಂದೊಂದು ಸರಳು ಹಿಂದಿನ ಆಕ್ಸಲ್‌ಗೆ ಹೋಗುತ್ತದೆ. ಆ ಆಕ್ಸಲ್ ಎರಡು ಕಡೆ ಎದುರುಬದುರಾಗಿ ಬಾಗಿರುತ್ತದೆ. ಎಡಗಾಲು ನೂಕಿದರೆ ಅರ್ಧ ಸುತ್ತು, ಬಲಗಾಲು ನೂಕಿದರೆ ಇನ್ನರ್ಧ. ಹಿಂದಿನ ಗಾಲಿಗಳಲ್ಲಿ ಒಂದನ್ನು ಮಾತ್ರ ಪಿನ್ನು ಹೊಡೆದು ಆಕ್ಸಲ್‌ಗೆ ಬಿಗಿದಿರುತ್ತಾರೆ, ಇನ್ನೊಂದು ತನ್ನ ಪಾಡಿಗೆ ಉರುಳುತ್ತದೆ. ತಿರುವಿನಲ್ಲಿ ಹೊರಗಿನ ಗಾಲಿ ಒಳಗಿನದಕ್ಕಿಂತ ಹೆಚ್ಚು ದೂರ ಹೋಗಬೇಕಲ್ಲ, ಅದಕ್ಕೆ. ದೊಡ್ಡ ಕಾರಿನಲ್ಲಿ ಈ ಕೆಲಸಕ್ಕೆ ಡಿಫರೆನ್ಷಿಯಲ್ ಇದೆ. ಇದು ಗೊತ್ತಿಲ್ಲದೆ, "ಗಾಲಿ ಲೂಸಾಗಿತ್ತು" ಎಂದು ಎರಡನ್ನೂ ವೆಲ್ಡ್ ಮಾಡಿಸಿಕೊಂಡು ಬರುವವರಿದ್ದಾರೆ. ಆಮೇಲೆ ಮಗು ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರ ಗೋಡೆಗೇ.

ಹೆಚ್ಚು ಸವೆಯುವುದು ಆಕ್ಸಲ್ ಕೂರುವ ತೂತು. ಅದಕ್ಕೆ ಬುಷ್ ಹಾಕಿಸಲು ಗೌರಿಬಿದನೂರಿಗೆ ಹೋಗುತ್ತೇನೆ. ಬೋರ್‌ವೆಲ್ಲುಗಳು ಸಾವಿರ ಅಡಿ ದಾಟಿದ ಜಿಲ್ಲೆ ನಮ್ಮದು. ನೀರಿಗೆ ಬರ, ಪಂಪ್‌ಸೆಟ್ ರಿಪೇರಿಯ ಲೇತ್‌ಗಳಿಗೆ ಬರವಿಲ್ಲ. "ಮಕ್ಕಳಾಟಕ್ಕೆ ಗನ್‌ಮೆಟಲ್ ಯಾಕಣ್ಣಾ, ನೈಲಾನ್ ಸಾಕು" ಎಂದ ಲೇತಿನ ಹುಡುಗ. ಅವನ ಮಾತೇ ಸರಿಯಾಯಿತು. ಕೀರಲು ಸದ್ದೂ ನಿಂತಿತು. ಸೀಟಿನ ರೆಕ್ಸಿನ್‌ಗೆ ಚಿಕ್ಕಬಳ್ಳಾಪುರದಲ್ಲಿ ಆಟೋಗಳಿಗೆ ಕುಷನ್ ಹೊಲಿಯುವ ಅಂಗಡಿ ಇದೆ.

ತುಕ್ಕಿನ ವಿಷಯ ಬೇರೆ. ಕರಾವಳಿಗೆ ಹೋಲಿಸಿದರೆ ನಮ್ಮದು ಒಣ ಸೀಮೆ, ಅಟ್ಟದ ಮೇಲಿಟ್ಟ ತಗಡು ಬೇಗ ಕೆಡುವುದಿಲ್ಲ. ಆದರೆ ಶಿಡ್ಲಘಟ್ಟದ ಕಡೆಯಿಂದ ಬಂದ ಒಂದು ಕಾರಿನ ತಳ ಮುಟ್ಟಿದರೆ ಹಪ್ಪಳದಂತೆ ಮುರಿಯಿತು. ವಿಚಾರಿಸಿದೆ. ರೇಷ್ಮೆ ಹುಳು ಸಾಕುವ ಮನೆಯಲ್ಲಿ, ಹುಳು ಗೂಡು ಕಟ್ಟುವ ಹಳೆಯ ಚಂದ್ರಿಕೆಗಳ ಹಿಂದೆ ಇಟ್ಟಿದ್ದರಂತೆ. ಹುಳುವಿಗೆ ರೋಗ ತಗಲಬಾರದೆಂದು ಪ್ರತಿ ಬೆಳೆಗೂ ಆ ಮನೆಗೆ ಬ್ಲೀಚಿಂಗ್ ಪೌಡರಿನ ನೀರು ಹೊಡೆಯುತ್ತಾರೆ. ಅದರಲ್ಲಿರುವ ಕ್ಲೋರಿನ್ ಕಬ್ಬಿಣವನ್ನು ತಿನ್ನುತ್ತದೆ. ಅಂಥ ತಳವನ್ನು ಕತ್ತರಿಸಿ ಹೊಸ ತಗಡೇ ಕೂರಿಸಬೇಕು. ಇಷ್ಟು ತೆಳು ತಗಡಿಗೆ ಆರ್ಕ್ ವೆಲ್ಡಿಂಗ್ ಹಚ್ಚಿದರೆ ತೂತು ದೊಡ್ಡದಾಗುತ್ತದೆ ಅಷ್ಟೆ; ಗ್ಯಾಸ್‌ನಲ್ಲಿ ಹಿತ್ತಾಳೆ ಬೆಸುಗೆ ಮೇಲು. ನೆಗ್ಗು ತೆಗೆಯಲು ಹಿಂದೆ ಡಾಲಿ ಹಿಡಿದು ಮುಂದಿನಿಂದ ಸಣ್ಣ ಪೆಟ್ಟು.

ಬಣ್ಣದ ಮಾತು ಬಂದಾಗ ನಾನು ಜಗಳಗಂಟ. ಹಳೆಯ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮಗು ಸ್ಟೀರಿಂಗ್ ಕಚ್ಚುತ್ತದೆ, ಬೆರಳು ಚೀಪುತ್ತದೆ. ಸೀಸ ಮೈಗೆ ಸೇರಿದರೆ ಮೊದಲು ಪೆಟ್ಟು ಬೀಳುವುದು ಬೆಳೆಯುವ ಮಿದುಳಿಗೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೊಫೆಸರ್ ತುಪ್ಪಿಲ್ ವೆಂಕಟೇಶ್ ಇದನ್ನೇ ದಶಕಗಳಿಂದ ಹೇಳುತ್ತ ಬಂದವರು. ಸರ್ಕಾರ 2016ರಲ್ಲಿ ನಿಯಮ ತಂದು, 2017ರ ನವೆಂಬರ್‌ನಿಂದ ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂದಿತು. ಆದರೆ ಆ ನಿಯಮ ಮನೆಗೆ ಬಳಿಯುವ, ಅಲಂಕಾರದ ಬಣ್ಣಗಳಿಗೆ ಮಾತ್ರ. ಕೈಗಾರಿಕೆಯ ಬಣ್ಣಗಳಿಗೆ ಅಲ್ಲ. ಹಾಗಾಗಿ ಲಾರಿಗೆ ಹೊಡೆದು ಮಿಕ್ಕ ಪೇಂಟನ್ನು ಆಟಿಕೆಗೆ ಹೊಡೆಯುವುದಿಲ್ಲ. ಡಬ್ಬಿಯ ಮೇಲೆ 90 ಪಿಪಿಎಂ ಎಂದು ಬರೆದಿರುವ ಎನಾಮಲ್ ಬಣ್ಣವನ್ನೇ ತರುತ್ತೇನೆ. ಹಳೆಯ ಬಣ್ಣ ಕೀಳುವಾಗ ಒಣ ಎಮರಿ ಉಜ್ಜುವುದಿಲ್ಲ, ಗ್ರೈಂಡರ್ ಮುಟ್ಟುವುದಿಲ್ಲ. ನೀರು ಹಾಕಿಕೊಂಡು ವಾಟರ್ ಪೇಪರ್, ಮುಖಕ್ಕೆ ಮಾಸ್ಕ್. ಬಂದ ಕೆಸರನ್ನು ಡಬ್ಬಿಯಲ್ಲಿ ಮುಚ್ಚಿಡುತ್ತೇನೆ, ಚರಂಡಿಗೆ ಚೆಲ್ಲುವುದಿಲ್ಲ.

ಕೊನೆಗೆ ನಂಬರ್ ಪ್ಲೇಟಿನ ಹಟ. ಅಜ್ಜನ ಕಾಲದ ಕಾರಿಗೆ ನಮ್ಮ ಜಿಲ್ಲೆಯ ಕೆಎ 40 ಬರೆಯಿರಿ ಅನ್ನುತ್ತಾರೆ. ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದೇ 2007ರಲ್ಲಿ! ಹೇಳಿ ನೋಡುತ್ತೇನೆ, ಆಮೇಲೆ ಬರೆದುಕೊಡುತ್ತೇನೆ. ಮೊಮ್ಮಗಳ ಕಾರು, ಅವರಿಷ್ಟ.

ನಿಮ್ಮ ಅಟ್ಟದ ಮೇಲೂ ಇಂಥದ್ದೊಂದು ಇದ್ದರೆ ತೂಕಕ್ಕೆ ಹಾಕುವ ಮುನ್ನ ಮಗುಚಿ ನೋಡಿ. ಬಾಗಿದ ಆಕ್ಸಲ್ ಮತ್ತು ಎರಡು ಸರಳುಗಳು ಇದ್ದರೆ ಮಿಕ್ಕದ್ದನ್ನು ನಿಮ್ಮ ಊರಿನ ಟಿಂಕರಿಂಗ್ ಶೆಡ್, ಲೇತ್ ಅಂಗಡಿಗಳಲ್ಲೇ ಮಾಡಿಸಬಹುದು. ಕಳಚಿದ ನಟ್ಟು, ಬಿಲ್ಲೆ, ಚಕ್ರದ ಮುಚ್ಚಳ ಯಾವುದನ್ನೂ ಎಸೆಯಬೇಡಿ, ಅವು ಅಂಗಡಿಯಲ್ಲಿ ಸಿಗುವುದಿಲ್ಲ. ಹಳೆಯ ಬಣ್ಣ ಹೋಗುವವರೆಗೆ ಮಾತ್ರ ಮಗುವನ್ನು ಅದರಲ್ಲಿ ಕೂರಿಸಬೇಡಿ.